ಎಲ್ಲಾ ಬಂದಾವ ನೋಡ್ರಿ

‘ಎಲ್ಲಾ ಬಂದಾವ ನೋಡ್ರಿ ಕಾಕಾ.’ ಮೊಬೈಲ್ ಅಂಗಡಿಯ ಹುಡುಗ ಪೆನ್‌ಡ್ರೈವ್ ಕಿತ್ತು ಗಿರಾಕಿಯ ಕೈಗಿಡುವಾಗ ಆಡುವ ಮಾತು ಇದು. ಲಕ್ಕಲಕಟ್ಟಿಯಂಥ ಊರಿನವರು ಹಳೆಯ ಕಂಪ್ಯೂಟರಿನ ಹಾಡುಗಳನ್ನು ಮಗಳ ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪಿಗೆ ಹಾಕಿಸಬೇಕಾದರೆ ಗಜೇಂದ್ರಗಡದ ಪೇಟೆಗೆ ಹೋಗುತ್ತಾರೆ. ಅಲ್ಲಿ ಈ ಮಾತು ಕೇಳಿ ಸಮಾಧಾನಪಟ್ಟು ಬಸ್ಸು ಹತ್ತುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ. ಆದರೆ ‘ಎಲ್ಲಾ’ ಎಂದರೆ ಏನೇನು ಎಂದು ಕೇಳಿದವರಿಲ್ಲ. ಹಾಡು ಸಾಗಿಸುವ ಈ ರೂಢಿಯನ್ನು ಒಂದು ಕಲಾಕೃತಿಯನ್ನು ನೋಡುವಷ್ಟೇ ಗಂಭೀರವಾಗಿ ನೋಡಬಹುದು ಎಂದು ನನಗೆ ಅನ್ನಿಸುವುದು ಈ ಪ್ರಶ್ನೆಯಿಂದಾಗಿ.

ಈ ಸೀಮೆಗೆ ಹಾಡಿನ ವಿಷಯದಲ್ಲಿ ಗುಣ ನೋಡುವ ಹಕ್ಕೂ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಲಿಸಿದವರು ಊರೂರಲ್ಲಿ ಪೇಟಿ ಹಿಡಿದು ಕೂತಿದ್ದಾರೆ. ಧಾರವಾಡ ಆಕಾಶವಾಣಿ 1950ರಿಂದ ಇಲ್ಲಿನ ಕಿವಿಗಳನ್ನು ತಿದ್ದಿದೆ. ಇದೇ ಗದಗ ಜಿಲ್ಲೆಯಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟದ್ದರ ಹಿಂದೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಒಂದು ಗ್ರಾಮಫೋನ್ ಪ್ಲೇಟು ಇತ್ತು. ಆ ಪ್ಲೇಟು ಒಂದು ಮಗ್ಗುಲಿಗೆ ಮೂರು ನಿಮಿಷದ ಸರಕು, ಅಷ್ಟೇ. ಆದರೆ ಯಾರ ಹಾಡು ಎಂಬುದು ಅದರ ನಡುವಿನ ಕಾಗದದ ಮೇಲೆ ಅಚ್ಚಾಗಿತ್ತು. ಪ್ಲೇಟನ್ನು ಯಾರ ಮನೆಗೆ ಒಯ್ದರೂ ಹೆಸರು ಜೊತೆಗೇ ಹೋಗುತ್ತಿತ್ತು. ಕಂಪ್ಯೂಟರಿನ ಫೈಲಿಗೆ ಆ ಭಾಗ್ಯವಿಲ್ಲ. ಅಲ್ಲಿ ಹಾಡು ಒಂದು ಕಡೆ, ಹೆಸರು ಇನ್ನೊಂದು ಕಡೆ, ಸರದಿ ಮತ್ತೊಂದು ಕಡೆ ಇರಬಹುದು. ಸಾಗಿಸುವಾಗ ಯಾವುದು ಗಾಡಿ ಹತ್ತಿತು, ಯಾವುದು ಉಳಿಯಿತು ಎಂದು ಹೊರಗಿನಿಂದ ಕಾಣುವುದಿಲ್ಲ.

ಮೊದಲು ಅಂಗಡಿಯವರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಮೆಮೊರಿ ಚಿಪ್ಪಿಗೆ ಹಾಡು ಹಾಕುವ ಅವರ ಪದ್ಧತಿಯಲ್ಲಿ ಅಕೌಂಟು ಇಲ್ಲ, ಪಾಸ್‌ವರ್ಡ್ ಇಲ್ಲ, ಇಂಟರ್ನೆಟ್ಟಿನ ಹಂಗಿಲ್ಲ. ಫೋಲ್ಡರು ತೆಗೆದರು, ಎಳೆದರು, ಬಿಟ್ಟರು. 128 ಕಿಲೋಬಿಟ್ಟಿನ ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತದೆ. ಅಂದರೆ 4 ಜಿಬಿಯ ಚಿಪ್ಪಿನಲ್ಲಿ ಸುಮಾರು 70 ಗಂಟೆಯ ಗಾಯನ ಹಿಡಿಯುತ್ತದೆ. ಅದು ಟ್ರ್ಯಾಕ್ಟರಿನ ಟೇಪಿಗೂ ಹೋಗುತ್ತದೆ, ಗುಡಿಯ ಸೌಂಡ್ ಬಾಕ್ಸಿಗೂ ಹೋಗುತ್ತದೆ, ಅಳಿಯನ ಮನೆಗೂ ಹೋಗುತ್ತದೆ. ಒಂದು ಹಾಡಿನ ಹತ್ತು ಪ್ರತಿ ಹತ್ತು ಮನೆಯಲ್ಲಿ ಇರುವುದಕ್ಕಿಂತ ಭದ್ರವಾದ ದಾಸ್ತಾನು ಬೇರೆ ಇಲ್ಲ. ಹಕ್ಕುಸ್ವಾಮ್ಯದ ಲೆಕ್ಕದಲ್ಲಿ ಇದರ ಬಹುಪಾಲು ತಪ್ಪೇ. ಆದರೂ ಎಷ್ಟೋ ಹಳೆಯ ಕ್ಯಾಸೆಟ್ಟುಗಳ ಹಾಡು ಇಂದಿಗೂ ಕಿವಿಗೆ ಬೀಳುತ್ತಿದ್ದರೆ ಅದಕ್ಕೆ ಈ ತಪ್ಪೂ ಕಾರಣ.

ಇನ್ನು ದೋಷ. ಹತ್ತು ಹದಿನೈದು ವರ್ಷದ ಹಿಂದೆ ಮನೆಯ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿದವರ ಫೋಲ್ಡರುಗಳಲ್ಲಿ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಫೈಲುಗಳು ರಾಶಿಯಾಗಿರುತ್ತವೆ. ಆಡಿಯೊ ಸಿ.ಡಿ.ಯೊಳಗೆ ಹಾಡಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಸಿ.ಡಿ.ಯ ಅಳತೆ ನೋಡಿ ಇಂಟರ್ನೆಟ್ಟಿನ ಒಂದು ಪಟ್ಟಿಯಿಂದ ಹೆಸರು ತರುವುದು ಆಗಿನ ಏರ್ಪಾಡು. ನೆಟ್ ಇಲ್ಲದ ಮನೆಯಲ್ಲಿ, ಇದ್ದರೂ ಆ ಪಟ್ಟಿಯಲ್ಲಿ ಯಾರೂ ಬರೆಯದ ಕನ್ನಡದ ಸಿ.ಡಿ.ಗೆ, ಉಳಿಯುವುದು ಬರೀ ಅಂಕಿ. ವಚನದ ಸಿ.ಡಿ.ಯಲ್ಲೂ ಟ್ರ್ಯಾಕ್ 01, ದಾಸರ ಪದದಲ್ಲೂ ಟ್ರ್ಯಾಕ್ 01, ಶರೀಫರ ತತ್ವಪದದಲ್ಲೂ ಅದೇ. ಬೇರೆ ಬೇರೆ ಫೋಲ್ಡರಿನಲ್ಲಿ ಇರುವ ತನಕ ಚಿಂತೆಯಿಲ್ಲ. ‘ಭಕ್ತಿಗೀತೆ’ ಎಂದು ಒಂದೇ ಫೋಲ್ಡರು ಮಾಡಿ ಎಲ್ಲವನ್ನೂ ಅದಕ್ಕೆ ಸುರಿದಾಗ ಕಂಪ್ಯೂಟರ್ ಕೇಳುತ್ತದೆ: ಈ ಹೆಸರಿನದು ಆಗಲೇ ಇದೆ, ಹಳೆಯದರ ಮೇಲೆ ಹಾಕಲೇ, ಬಿಟ್ಟುಬಿಡಲೇ? ಹಿಂದೆ ನಾಲ್ಕು ಗಿರಾಕಿ ನಿಂತಿರುವಾಗ ಹುಡುಗ ಎರಡರಲ್ಲಿ ಒಂದನ್ನು ಒತ್ತುತ್ತಾನೆ. ಯಾವುದನ್ನು ಒತ್ತಿದರೂ ಒಂದು ಹಾಡು ಹೊಸ ಮನೆಗೆ ಬರುವುದಿಲ್ಲ. ಮನೆಗೆ ಬಂದು ಟ್ರ್ಯಾಕ್ 01 ಒತ್ತಿದರೆ ಏನೋ ಒಂದು ಹಾಡುತ್ತದೆ. ಹಾಡದೇ ಉಳಿದದ್ದು ಯಾವುದು ಎಂದು ತಿಳಿಯುವ ಹೊತ್ತಿಗೆ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿರುತ್ತದೆ.

ಸರದಿಯ ಕತೆ ಇದಕ್ಕಿಂತ ಸ್ವಾರಸ್ಯದ್ದು. ಒಂದು ಬೈಠಕ್ಕಿನಲ್ಲಿ ಮೊದಲು ವಿಲಂಬಿತ, ಆಮೇಲೆ ದ್ರುತ್, ಕಡೆಗೆ ಭಜನ್. ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಈ ಹೆಸರುಗಳನ್ನಷ್ಟೇ ಕೊಟ್ಟು ಕ್ರಮಸಂಖ್ಯೆ ಕೊಡದಿದ್ದರೆ ಯಂತ್ರ ವರ್ಣಮಾಲೆಯಂತೆ ಜೋಡಿಸುತ್ತದೆ: ಬಿ, ಡಿ, ವಿ. ಭಜನ್ ಮೊದಲು, ದ್ರುತ್ ನಂತರ, ವಿಲಂಬಿತ ಕೊನೆಗೆ. ಇಡೀ ಕಛೇರಿ ಹಿಂದುಮುಂದಾಗಿ, ಮಂಗಳದ ಹೊತ್ತಿಗೆ ಗಾಯಕರು ಷಡ್ಜ ಹಿಡಿಯಲು ತೊಡಗುತ್ತಾರೆ. ಶ್ರಾವಣದ ಪುರಾಣ ಪ್ರವಚನದ ಫೈಲುಗಳದ್ದೂ ಇಂಥದೇ ಪಾಡು. ಟೇಪಿನಲ್ಲಿ ಭಾಗ 1 ಮುಗಿದ ಮೇಲೆ ಭಾಗ 10, 11, 12 ಬಂದು ಆಮೇಲೆ ಭಾಗ 2 ಬರುತ್ತದೆ. ಮದುವೆಯಾಗಬೇಕಾದ ಶರಣರು ಮದುವೆಗೆ ಮೊದಲೇ ಐಕ್ಯರಾಗಿರುತ್ತಾರೆ! ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸರಿಯಾಗಿಯೇ ಕಾಣುವುದರಿಂದ ಅಂಗಡಿಯಲ್ಲಿ ಯಾರಿಗೂ ಸಂಶಯ ಬಾರದು. ಎಷ್ಟೋ ಅಗ್ಗದ ಟೇಪುಗಳಂತೂ ಹೆಸರನ್ನೇ ನೋಡುವುದಿಲ್ಲ. ಪೆನ್‌ಡ್ರೈವಿಗೆ ಯಾವ ಫೈಲು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ. 01, 02, 03 ಎಂದು ಹೆಸರಿನ ಮುಂದೆ ಸೊನ್ನೆ ಸಮೇತ ಬರೆದು, ಒಂದೊಂದು ಫೋಲ್ಡರನ್ನು ಅದೇ ಸರದಿಯಲ್ಲಿ ಕಾಪಿ ಮಾಡಿದರೆ ಎರಡೂ ಕಾಟ ತಪ್ಪುತ್ತದೆ. ಐದು ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ.

ಹೆಸರಿಗೆ ಫೈಲಿನೊಳಗೇ ಒಂದು ಜಾಗ ಇದೆ. ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಬಂದ ಮೊದಲ ರೂಪದಲ್ಲಿ ಅದು ಎಂಪಿ3 ಫೈಲಿನ ಬಾಲದಲ್ಲಿರುವ 128 ಬೈಟಿನ ಚೀಟಿ. ಹಾಡಿಗೆ 30 ಬೈಟು, ಹಾಡಿದವರಿಗೆ 30, ಆಲ್ಬಮ್ಮಿಗೆ 30. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು, ಗುಣಿತಕ್ಕೂ ಒತ್ತಿಗೂ ಬೇರೆ ಬೇರೆ. ‘ಪುಟ್ಟರಾಜ ಗವಾಯಿ’ ಎಂದು ಬರೆಯಲು 40 ಬೈಟು ಆಗುತ್ತದೆ. ಈ ಜಿಲ್ಲೆಯ ಬಹುದೊಡ್ಡ ಸಂಗೀತಗಾರರ ಹೆಸರು ಆ ಚೀಟಿಯಲ್ಲಿ ಹಿಡಿಸಲೇ ಇಲ್ಲ. ನಂತರದ ರೂಪಗಳು ಈ ಇಕ್ಕಟ್ಟನ್ನು ತೆಗೆದುಹಾಕಿವೆ, ಕನ್ನಡದಲ್ಲಿ ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಬರೆದವರು ಕಡಿಮೆ. ಹಾಡಿದವರ ಜಾಗದಲ್ಲಿ ಯಾವುದೋ ಡೌನ್‌ಲೋಡ್ ತಾಣದ ಹೆಸರೋ, ಹಾಡು ತುಂಬಿದ ಅಂಗಡಿಯ ಫೋನ್ ನಂಬರೋ ಕೂತಿರುತ್ತದೆ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಮೇಲೆ ಮೊಬೈಲ್ ರಿಚಾರ್ಜಿನ ಜಾಹೀರಾತು ಓಡುವುದನ್ನು ನೋಡಿದಾಗ ನಗಬೇಕೋ ಸಿಟ್ಟಾಗಬೇಕೋ ತಿಳಿಯದು. ಟ್ಯಾಗಿನ ಖಾನೆಗಳೂ ನಮ್ಮ ಹಾಡಿಗಾಗಿ ಹುಟ್ಟಿದವಲ್ಲ. ರಾಗಕ್ಕೆ ಖಾನೆಯಿಲ್ಲ, ತಾಳಕ್ಕಿಲ್ಲ, ಗುರುವಿಗಂತೂ ಇಲ್ಲವೇ ಇಲ್ಲ. ಜಾಣರು ಅದನ್ನೆಲ್ಲ ಷರಾ ಬರೆಯುವ ಖಾನೆಯಲ್ಲಿ ತುರುಕುತ್ತಾರೆ.

ಅಂಗಡಿಯ ಪದ್ಧತಿ ಒರಟು, ಹಾಗಾಗಿ ಐಟ್ಯೂನ್ಸ್‌ನಂಥ ನಾಜೂಕಿನ ಸಾಫ್ಟ್‌ವೇರೇ ಲೇಸು ಎಂದು ಪುಣೆಗೋ ಬೆಂಗಳೂರಿಗೋ ಹೋಗಿ ನೌಕರಿ ಹಿಡಿದ ನಮ್ಮ ಮಂದಿ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. 2001ರಲ್ಲಿ ಬಂದ ಆ ಸಾಫ್ಟ್‌ವೇರು ಹಾಡನ್ನು ಒಂದು ಕಡೆ ಇಟ್ಟು, ಅದರ ಬಗೆಗಿನ ನಿಮ್ಮ ಒಲವನ್ನೆಲ್ಲ ತನ್ನದೇ ಒಂದು ಖಾತೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿತು. ಯಾವುದಕ್ಕೆ ಐದು ನಕ್ಷತ್ರ, ಯಾವುದನ್ನು ಎಷ್ಟು ಸಲ ಕೇಳಿದಿರಿ, ಅಪ್ಪನ ವರ್ಷಾಬ್ದಿಕಕ್ಕೆ ಜೋಡಿಸಿದ ಪಟ್ಟಿ ಯಾವುದು, ಇವ್ಯಾವೂ ಎಂಪಿ3 ಫೈಲಿನೊಳಗೆ ಇಲ್ಲ. ಫೈಲುಗಳನ್ನಷ್ಟೇ ಎಳೆದು ಹೊಸ ಯಂತ್ರಕ್ಕೆ ಹಾಕಿದರೆ ಹಾಡು ಬರುತ್ತದೆ, ಹತ್ತು ವರ್ಷ ಕೇಳಿದ ಗುರುತು ಬರುವುದಿಲ್ಲ. ಖಾತೆ ಪುಸ್ತಕವನ್ನೂ ಒಯ್ದರೆ ಮತ್ತೊಂದು ರಗಳೆ. ಅದರಲ್ಲಿ ಹಾಡಿನ ವಿಳಾಸ ಹಳೆಯ ಯಂತ್ರದ ಡ್ರೈವ್ ಅಕ್ಷರದಿಂದ ಶುರುವಾಗುತ್ತದೆ. ಹಾಡುಗಳಿದ್ದ ಡಿ ಡ್ರೈವು ಹೊಸದರಲ್ಲಿ ಇ ಡ್ರೈವು ಆಯಿತೋ, ಪ್ರತಿ ಹಾಡಿನ ಪಕ್ಕದಲ್ಲೂ ಆಶ್ಚರ್ಯಚಿಹ್ನೆ. ಹೊರಡುವ ಮುಂಚೆಯೇ ಹಾಡುಗಳನ್ನೂ ಖಾತೆಯನ್ನೂ ಒಂದೇ ಫೋಲ್ಡರಿನೊಳಗೆ ಕೂಡಿಸುವ ಆಜ್ಞೆ ಆ ಸಾಫ್ಟ್‌ವೇರಿನಲ್ಲೇ ಇದೆ. ಮೆನುವಿನ ಆಳದಲ್ಲಿ ಅದನ್ನು ಹುದುಗಿಸಿ ಇಟ್ಟವರನ್ನು ನಾನು ಕ್ಷಮಿಸಲಾರೆ. ಮ್ಯಾಕ್ ಕಂಪ್ಯೂಟರುಗಳಲ್ಲಿ 2019ರಲ್ಲಿ ಆ ಸಾಫ್ಟ್‌ವೇರೇ ಕಣ್ಮರೆಯಾಯಿತು, ಅದರ ಜಾಗಕ್ಕೆ ಬೇರೆಯದು ಬಂತು. ಹುಡುಗ ಎಳೆದು ಬಿಟ್ಟ ಫೋಲ್ಡರು ಮಾತ್ರ ಎಲ್ಲ ಯಂತ್ರದಲ್ಲೂ ತೆರೆಯುತ್ತದೆ. ಬಾಳಿಕೆಯ ಪರೀಕ್ಷೆಯಲ್ಲಿ ಒರಟೇ ಗೆದ್ದಿದೆ.

ಜಾಗ ಉಳಿಸಲೆಂದು ಫೈಲನ್ನು ಸಣ್ಣದು ಮಾಡಿಕೊಡುವ ಚಾಳಿಯನ್ನು ಮಾತ್ರ ಸಹಿಸಬಾರದು. ಒಮ್ಮೆ ಎಂಪಿ3 ಆದದ್ದನ್ನು ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಸತ್ವ ಹೋಗುತ್ತದೆ. ಡಿಜೆ ಹಾಡಿನ ಗದ್ದಲದಲ್ಲಿ ಅದು ಮುಚ್ಚಿಹೋದೀತು. ತಂಬೂರಿ ಮೀಟುವ ಹಾಡಿನಲ್ಲಿ ಶ್ರುತಿಯ ಕೆಳಗೆ ನೀರು ಸೋರುವಂಥ ಸದ್ದು ಸೇರಿಕೊಳ್ಳುತ್ತದೆ.

ಇಷ್ಟಾಗಿಯೂ ಕಂಪನಿಗಳು ಹೊರತಂದ ಹಾಡು ಕಳೆದರೆ ಮತ್ತೆಲ್ಲೋ ಸಿಕ್ಕೀತು. ರಾಜಕುಮಾರರ ಹಾಡು ಕಳೆದುಹೋಯಿತೆಂದು ಅಳುವ ಅಗತ್ಯವಿಲ್ಲ. ಲಕ್ಕಲಕಟ್ಟಿಯ ಯಾವುದೇ ಹಳೆಯ ಕಂಪ್ಯೂಟರಿನಲ್ಲಿ ನಾನು ಮೊದಲು ಹುಡುಕುವುದು ಬೇರೆಯದನ್ನು: ಭಜನಾ ಮಂಡಳಿಯವರು ಯಾರದೋ ಮೊಬೈಲಿನಲ್ಲಿ ತುಂಬಿಕೊಂಡ ಏಕಾದಶಿಯ ಭಜನೆ, ಅಜ್ಜಿ ಹಾಡಿದ ಬೀಸುವ ಪದ, ಬಯಲಾಟದ ಒಂದು ರಾತ್ರಿ. ಜಗತ್ತಿನಲ್ಲಿ ಇವಕ್ಕೆ ಇರುವುದು ಒಂದೇ ಪ್ರತಿ. ಸಾಗಾಟದಲ್ಲಿ ಎಲ್ಲಕ್ಕಿಂತ ಹಿಂದೆ ಉಳಿಯುವವೂ ಇವೇ. ಎಂಪಿ3 ಎಂದು ಹುಡುಕಿ ಕಾಪಿ ಮಾಡಿದರೆ ಇವು ಸಿಗುವುದಿಲ್ಲ, ಯಾಕೆಂದರೆ ಹಳೆಯ ಕೀಪ್ಯಾಡ್ ಫೋನುಗಳು ಧ್ವನಿಯನ್ನು ಎಎಂಆರ್ ಎಂಬ ರೂಪದಲ್ಲಿ ಇಡುತ್ತಿದ್ದವು. ಅದು ಫೋನಿನಲ್ಲಿ ಮಾತಾಡಲೆಂದು ಮಾಡಿದ ರೂಪ, ಸುಮಾರು 3400 ಹರ್ಟ್ಸ್‌ನಾಚೆಗಿನ ನಾದವನ್ನು ಕತ್ತರಿಸಿಬಿಡುತ್ತದೆ. ಭಜನೆಯ ತಾಳದ ಮಿಂಚು ಇರುವುದು ಅದರಾಚೆಗೇ. ಹಾಗೆಂದು ಅದನ್ನು ಎಸೆಯಲಾದೀತೆ? ಇದ್ದದ್ದನ್ನು ಇದ್ದಂತೆಯೇ ಒಯ್ಯಬೇಕು, ಬೇಕಿದ್ದರೆ ಪಕ್ಕದಲ್ಲಿ ಒಂದು ಎಂಪಿ3 ಪ್ರತಿ ಮಾಡಿಟ್ಟುಕೊಳ್ಳಲಿ.

ವಾಟ್ಸಾಪ್ ಮೂಲಕ ಬಂದ ಹಾಡುಗಳ ಗೋಳು ಇನ್ನೊಂದು ಥರ. ಕಳಿಸಿದವರು ಎಷ್ಟು ಚಂದದ ಹೆಸರು ಇಟ್ಟಿದ್ದರೂ ಆಡಿಯೊ ಆಗಿ ಬಂದದ್ದು ಒಂದು ತಾರೀಖು, ಒಂದು ಸಂಖ್ಯೆಯಾಗಿ ಕೂರುತ್ತದೆ. ಆ ತಾರೀಖೂ ಹಾಡಿದ ದಿನದ್ದಲ್ಲ, ಫೈಲು ಬಂದ ದಿನದ್ದು. ವಿಂಡೋಸಿನಲ್ಲಿ ಕಾಪಿ ಮಾಡಿದಾಗ ‘ಹುಟ್ಟಿದ ದಿನ’ ಎಂದು ತೋರಿಸುವುದು ಕಾಪಿ ಮಾಡಿದ ದಿನವನ್ನು. ‘ಬದಲಾದ ದಿನ’ ಎಂಬ ಇನ್ನೊಂದು ಸಾಲಿನಲ್ಲಿ ಹಳೆಯ ತಾರೀಖು ಉಳಿದಿರುವುದುಂಟು. ತೀರಿಹೋದ ಹಾಡುಗಾರನ ಕೊನೆಯ ಭಜನೆ ಯಾವ ವರ್ಷದ್ದೆಂದು ತಿಳಿಯಲು ಎಷ್ಟೋ ಸಲ ಅದೊಂದೇ ಆಧಾರ.

‘ಎಲ್ಲಾ ಬಂದಾವೇನೋ ತಮ್ಮಾ?’ ಎಂದು ಕೇಳುವ ಬದಲು ಹಳೆಯ ಫೋಲ್ಡರಿನ ಪ್ರಾಪರ್ಟೀಸ್ ತೆಗೆಸಿ ಫೈಲೆಷ್ಟು, ಬೈಟೆಷ್ಟು ಎಂದು ಬರೆದುಕೊಳ್ಳಬೇಕು, ಹೊಸದರಲ್ಲೂ ಅಷ್ಟೇ ಇದೆಯೇ ನೋಡಬೇಕು. ಟ್ರ್ಯಾಕ್ 01ರ ಕಳ್ಳತನ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ನಡುನಡುವಿನ ಹಾಡುಗಳನ್ನು ಕೊನೆಯ ತನಕ ಓಡಿಸಿ ಕೇಳಬೇಕು, ಯಾಕೆಂದರೆ ಮೇಲೆ 64 ಜಿಬಿ ಎಂದು ಬರೆದು ಒಳಗೆ ಎಂಟೇ ಜಿಬಿ ಇಟ್ಟು ಮಾರುವ ನಕಲಿ ಪೆನ್‌ಡ್ರೈವುಗಳು ಫೈಲಿನ ಹೆಸರು, ಗಾತ್ರ ಎಲ್ಲವನ್ನೂ ಸರಿಯಾಗಿ ತೋರಿಸಿ ಹಾಡನ್ನು ನುಂಗಿರುತ್ತವೆ. ಅಸಲಿ ಪೆನ್‌ಡ್ರೈವೂ ಕರೆಂಟಿಲ್ಲದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದರೆ ಮರೆಯುತ್ತ ಹೋಗುತ್ತದೆ. ಅದು ಸಾಗಿಸುವ ಗಾಡಿ, ಇಡುವ ಕಣಜವಲ್ಲ.

ಈಗ ಎಲ್ಲ ಆ್ಯಪಿನಲ್ಲೇ ಸಿಗುವಾಗ ಇಷ್ಟೆಲ್ಲ ಉಸಾಬರಿ ಯಾಕೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಆ್ಯಪಿನ ಹಾಡು ಕಂಪನಿಗಳ ಕರಾರು ಇರುವ ತನಕ. ನಿಮ್ಮೂರಿನ ಭಜನೆ ಅಲ್ಲಿ ಯಾವತ್ತೂ ಇರಲಿಲ್ಲ.

ಹೆಸರಿನ ತೊಂದರೆಗೆ ಒಂದು ಹಳೆಯ ಮದ್ದಿದೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಪ್ಲೇಟುಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ಪ್ಲೇಟಿಗೆ ಯಾರ ಚೀಟಿ ಅಂಟಿಸಬೇಕು ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಉಪಾಯ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಆಕೆಯ ಆ ಪ್ಲೇಟುಗಳು ಎಂಪಿ3 ಆಗಿ ಎಷ್ಟು ಯಂತ್ರ ದಾಟಿದರೂ ಹೆಸರು ಕಳೆದುಕೊಂಡಿಲ್ಲ. ಅದು ಟ್ಯಾಗಿನಲ್ಲಿಲ್ಲ, ದನಿಯಲ್ಲೇ ಇದೆ. ಭಜನೆ ತುಂಬಿಕೊಳ್ಳುವವರು ಮೊಬೈಲ್ ಒತ್ತಿದ ಕೂಡಲೇ ಊರು, ಮಂಡಳಿ, ಪೇಟಿ ಯಾರದು, ಪದ ಯಾರದು, ಇವತ್ತಿನ ತಾರೀಖೇನು ಎಂದು ಬಾಯಿಂದ ಹೇಳಿ ಶುರು ಮಾಡಿದರೆ ಸಾಕು. ವಾಟ್ಸಾಪ್ ಸ್ಟೇಟಸ್ಸಿಗೆಂದು ಹುಡುಗರು ಹಾಡಿನ ತಲೆ ಕತ್ತರಿಸುವಾಗ ಮೊದಲು ಹಾರಿಹೋಗುವುದು ಇದೇ ಭಾಗ ಎಂಬ ತಕರಾರು ಬರುತ್ತದೆ, ಅದು ನಿಜವೂ ಹೌದು. ಹಾಗಾದರೆ ಗೌಹರ್ ಜಾನ್‌ರಂತೆ ಕೊನೆಗೂ ಒಮ್ಮೆ ಹೇಳಲಿ.