ಹಳೆಯ ವಿಡಿಯೋ ಆಟಗಳ ಅನುವಾದದಲ್ಲಿ ಪರೀಕ್ಷಕನ ಸ್ಥಾನ

ಅನುವಾದವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಮೂಲಕರ್ತ ಮತ್ತು ಅನುವಾದಕ ಇವರಿಬ್ಬರಿಗೇ ಮೀಸಲು. ಅಚ್ಚಿಗೆ ಮುನ್ನ ಕರಡನ್ನು ನೋಡಿಕೊಟ್ಟವನಿಗೆ ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಸಂದರೆ ಅದೇ ಹೆಚ್ಚು. ಪುಸ್ತಕದ ಮಟ್ಟಿಗೆ ಇದರಿಂದ ದೊಡ್ಡ ಕೇಡಿಲ್ಲ. ತಪ್ಪಿದ ಅಕ್ಷರವನ್ನು ವಾಚಕನು ತಾನೇ ತಿದ್ದಿಕೊಂಡು ಮುಂದೆ ಸಾಗುತ್ತಾನೆ. ಆದರೆ ಒಂದು ತಪ್ಪಿನಿಂದ ಕೃತಿಯೇ ನಿಂತುಹೋಗುವ ಅನುವಾದವೂ ಒಂದುಂಟು. ಜಪಾನಿನಲ್ಲಿ 1980 ಮತ್ತು 1990ರ ದಶಕಗಳಲ್ಲಿ ಹೊರಬಂದ ವಿಡಿಯೋ ಆಟಗಳನ್ನು ಅಭಿಮಾನಿಗಳು ಸ್ವಂತ ಆಸಕ್ತಿಯಿಂದ ಇಂಗ್ಲಿಷಿಗೆ ತಂದಿರುವ ಕಾರ್ಯವೇ ಅದು. ಇಂಥ ಅನುವಾದಗಳ ಗುಣದೋಷಗಳು ಅನುವಾದಕನ ಭಾಷಾಜ್ಞಾನದಷ್ಟೇ, ಬಿಡುಗಡೆಗೆ ಮೊದಲಿನ ಪರೀಕ್ಷೆಯನ್ನು, ಅಂದರೆ ಅವರು ಬೀಟಾ ಪರೀಕ್ಷೆಯೆಂದು ಕರೆಯುವುದನ್ನು, ಹೇಗೆ ಏರ್ಪಡಿಸಿದರೆಂಬುದನ್ನೂ ಅವಲಂಬಿಸಿವೆ ಎಂಬುದು ಈ ಲೇಖನದ ಅಭಿಪ್ರಾಯ.

ಕೆಲಸದ ಬಗೆಯನ್ನು ಮೊದಲು ತಿಳಿಯಬೇಕು. ಆಟದ ಮಾತುಗಳೆಲ್ಲ ಕಾರ್ಟ್ರಿಜ್ಜಿನೊಳಗೆ ಸಂಕೇತರೂಪದಲ್ಲಿ ಅಡಗಿರುತ್ತವೆ. ಜಪಾನಿ ಲಿಪಿಯ ನಾಲ್ಕು ಅಕ್ಷರಗಳಲ್ಲಿ ಮುಗಿಯುವ ಹೆಸರಿಗೆ ಇಂಗ್ಲಿಷಿನಲ್ಲಿ ಎಂಟೋ ಹತ್ತೋ ಬೇಕಾಗುತ್ತವೆ. ಆದುದರಿಂದ ಮಾತನ್ನು ಬದಲಿಸಿದರೆ ಸಾಲದು. ಮಾತನ್ನು ತೋರಿಸುವ ಯಂತ್ರಸೂಚನೆಗಳನ್ನೂ ಬದಲಿಸಬೇಕು. ಒಂದೆಡೆ ಕೈಯಿಟ್ಟರೆ ಇನ್ನೊಂದೆಡೆ ಕೆಡುವ ಸಂಭವವಿದೆ. ಹೀಗೆ ಸಿದ್ಧವಾದುದರಲ್ಲಿ ಮೂಲದ ಆಟವನ್ನು ಬಿಟ್ಟು, ವ್ಯತ್ಯಾಸಗಳನ್ನು ಮಾತ್ರ ಪ್ಯಾಚ್ ಎಂಬ ಹೆಸರಿನಲ್ಲಿ ಹಂಚುತ್ತಾರೆ. ಹೆಸರು ಒಪ್ಪುವಂಥದೇ, ಅದು ನಿಜವಾಗಿ ತೇಪೆ. ಹಕ್ಕುಸ್ವಾಮ್ಯದ ಪ್ರಶ್ನೆ ಇದರಿಂದ ಪೂರ್ತಿ ಬಗೆಹರಿಯಿತೆನ್ನಲಾಗದು. ಆ ವಿಚಾರ ಇಲ್ಲಿ ಪ್ರಸ್ತುತವಲ್ಲ.

ಸ್ಕ್ವೇರ್ ಸಂಸ್ಥೆ 1995ರಲ್ಲಿ ಸೂಪರ್ ಫ್ಯಾಮಿಕಾಂ ಯಂತ್ರಕ್ಕಾಗಿ ಹೊರತಂದ 'ಸೇಕೆನ್ ದೆನ್ಸೆತ್ಸು 3' ಎಂಬ ಆಟವನ್ನು ನೋಡೋಣ. ಅದರ ಅಧಿಕೃತ ಇಂಗ್ಲಿಷ್ ರೂಪ ಬಂದುದು 2019ರಲ್ಲಿ. ನಡುವಣ ಕಾಲದಲ್ಲಿ, 1999-2000ದ ವೇಳೆಗೆ ಸಿದ್ಧವಾದ ಅಭಿಮಾನಿಗಳ ಅನುವಾದವೇ ಜಪಾನಿ ಬಾರದವರಿಗೆ ಆಸರೆಯಾಗಿತ್ತು. ಸುಮಾರು ಇಪ್ಪತ್ತು ವರ್ಷ ಒಂದು ಕೃತಿಗೆ ಒಂದೇ ಬಾಗಿಲು! ಆ ಬಾಗಿಲು ಸರಿಯಾಗಿ ತೆರೆಯುವುದೇ ಎಂದು ನೋಡುವ ಹೊಣೆ ಎಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಈ ಆಟದಲ್ಲಿ ಆರು ಪಾತ್ರಗಳಿವೆ. ಆಡುವವನು ಒಬ್ಬ ನಾಯಕನನ್ನೂ ಇಬ್ಬರು ಸಂಗಡಿಗರನ್ನೂ ಆರಿಸಿಕೊಳ್ಳುತ್ತಾನೆ. ಲೆಕ್ಕ ಹಾಕಿದರೆ ಅರವತ್ತು ಬಗೆಯ ಕೂಟಗಳಾದವು. ನಾಯಕನು ಯಾರೆಂಬುದನ್ನನುಸರಿಸಿ ಕಥೆಯ ಉತ್ತರಭಾಗ ಮೂರು ದಾರಿಗಳಾಗಿ ಒಡೆಯುತ್ತದೆ. ಜೊತೆಗಿರುವವರನ್ನನುಸರಿಸಿ ಸಂಭಾಷಣೆಯೂ ಮಾರ್ಪಡುತ್ತದೆ. ಇಪ್ಪತ್ತು ಮಂದಿ ಪರೀಕ್ಷಕರು ಸೇರಿ, ಇಪ್ಪತ್ತು ಮಂದಿಯೂ ತಮಗೆ ಪ್ರಿಯನಾದ ಒಬ್ಬನೇ ನಾಯಕನನ್ನು ಆರಿಸಿಕೊಂಡರೆ, ಮೂರರಲ್ಲಿ ಎರಡು ದಾರಿಗಳನ್ನು ಯಾರೂ ತುಳಿದಂತಾಗಲಿಲ್ಲ. ಪರೀಕ್ಷಕರ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ತಂಡಗಳು ಈ ಸರಳ ಗಣಿತವನ್ನು ಮರೆಯುತ್ತವೆ. ಕಥೆಯ ದಾರಿಗಳ ಪಟ್ಟಿ ಮಾಡಿ, ಒಂದೊಂದು ದಾರಿಯನ್ನೂ ಹೆಸರು ಹಿಡಿದು ಒಬ್ಬೊಬ್ಬರಿಗೆ ವಹಿಸಬೇಕು. ಆರು ಮಂದಿ ಶ್ರದ್ಧಾವಂತರು ಸಾಕು.

ಆಟ ಎಲ್ಲಿಯೂ ನಿಲ್ಲದೆ ಕೊನೆ ಮುಟ್ಟಿತೆಂದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆನ್ನುವ ಭಾವನೆಯೂ ಇದೆ. ಇದು ತಪ್ಪು. 1992ರ 'ಫೈನಲ್ ಫ್ಯಾಂಟಸಿ 5' ಆಟಕ್ಕೆ ಆರ್‌ಪಿಜಿಇ ಎಂಬ ಅಭಿಮಾನಿಗಳ ತಂಡ 1997ರಲ್ಲಿ ಇಂಗ್ಲಿಷ್ ರೂಪ ಕೊಟ್ಟಿತು. ಸಂಸ್ಥೆಯ ಸ್ವಂತ ಇಂಗ್ಲಿಷ್ ರೂಪ ಬಂದುದು 1999ರಲ್ಲಿ. ಈ ಎರಡನೆಯದರಲ್ಲಿ ಒಂದು ವಿನೋದದ ಪ್ರಮಾದವುಳಿಯಿತು. ಯೂರೋಪಿನ ಪುರಾಣಕಥೆಗಳ ರೆಕ್ಕೆಯ ಸರ್ಪ 'ವೈವರ್ನ್' ಜಪಾನಿ ಉಚ್ಚಾರದಲ್ಲಿ ವಕಾರ ಕಳೆದುಕೊಂಡು 'ವೈಬಾನ್' ಎಂದಾಗುತ್ತದೆ. ಅದನ್ನು ಮರಳಿ ಇಂಗ್ಲಿಷಿಗೆ ತಂದವರು 'ವೈ ಬರ್ನ್' ಎಂದು ಎರಡು ತುಂಡು ಮಾಡಿ ಬರೆದರು. ಹಣ ಪಡೆದು ಮಾಡಿದ ಅನುವಾದದ ಗತಿ ಇದು. ಪರದೆಯ ಮೇಲಿನ ರೆಕ್ಕೆಯ ಪ್ರಾಣಿಯನ್ನೂ ಅದರ ಹೆಸರನ್ನೂ ಒಟ್ಟಿಗೆ ಕಂಡು, ಇದೇಕೆ ಹೀಗೆ ಎಂದು ಕೇಳುವ ಒಬ್ಬ ವಾಚಕನಿದ್ದರೆ ತಪ್ಪು ಉಳಿಯುತ್ತಿರಲಿಲ್ಲ. ಹಾಗೆ ಕೇಳಬಲ್ಲವನು ಮೂಲವನ್ನು ಓದದವನೇ ಆಗಿರಬೇಕು; ಮೂಲ ಬಲ್ಲವನ ಕಣ್ಣು ಇಲ್ಲದ ಅರ್ಥವನ್ನು ತಾನೇ ತುಂಬಿಕೊಳ್ಳುತ್ತದೆ. ಉತ್ತರ ಹೇಳಲು ಮಾತ್ರ ಜಪಾನಿ ಬಲ್ಲವನು ಬೇಕು. ಎರಡು ಬಗೆಯವರನ್ನೂ ಸೇರಿಸಿಕೊಳ್ಳುವ ತಂಡಗಳು ವಿರಳ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನೇ ಅದನ್ನು ತಾಳೆ ನೋಡಿ ರುಜು ಹಾಕುವಂತಿಲ್ಲ. 'ಲೆಕ್ಕದಲ್ಲಿ ತಪ್ಪಿದೆ' ಎಂದಷ್ಟೇ ಬರೆದ ತಪಾಸಣೆಯ ವರದಿಗೂ ಬೆಲೆಯಿಲ್ಲ. ಯಾವ ದಿನ, ಯಾವ ವೋಚರು, ಎಷ್ಟು ಮೊಬಲಗು ಎಂಬುದು ಬೇಕು. ಆಟದ ಪರೀಕ್ಷಕನೂ ಪ್ಯಾಚಿನ ಆವೃತ್ತಿ, ಸ್ಥಳ, ತಪ್ಪಿಗೆ ಮುನ್ನ ತಾನು ಮಾಡಿದ ಕ್ರಿಯೆ ಇವನ್ನು ಪರದೆಯ ಚಿತ್ರದೊಡನೆ ಒಪ್ಪಿಸಬೇಕು. ಇಲ್ಲೊಂದು ಎಚ್ಚರಿಕೆ ಅವಶ್ಯ. ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರುಗಳು ಆಟದ ಯಾವುದೇ ಕ್ಷಣವನ್ನು ಇದ್ದಂತೆಯೇ ಹಿಡಿದಿಡಬಲ್ಲವು. ಹಿಂದಿನ ಆವೃತ್ತಿಯಲ್ಲಿ ಹಿಡಿದಿಟ್ಟ ಕ್ಷಣವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ, ಯಂತ್ರದ ನೆನಪಿನಲ್ಲಿ ಉಳಿದ ಹಳೆಯ ಅಂಶಗಳು ಹೊಸ ಪ್ಯಾಚಿನ ತಪ್ಪುಗಳಂತೆ ತೋರುತ್ತವೆ. ಆಗ ತಿದ್ದುವವನು ಇಲ್ಲದ ದೋಷವನ್ನು ಹುಡುಕುತ್ತ ದಿನಗಳೆಯಬೇಕಾಗುತ್ತದೆ. ಆಟವೇ ಒದಗಿಸುವ ಉಳಿಕೆಯ ವ್ಯವಸ್ಥೆಯನ್ನೇ ಬಳಸಬೇಕೆಂಬ ನಿಯಮವನ್ನು ಮೊದಲ ದಿನವೇ ತಿಳಿಸುವುದು ಲೇಸು.

2006ರಲ್ಲಿ ಜಪಾನಿನಲ್ಲಿ ಪ್ರಕಟವಾಗಿ, ಕ್ಲೈಡ್ ಮ್ಯಾಂಡೆಲಿನ್ ಅವರ ಮುಂದಾಳುತನದಲ್ಲಿ 2008ರಲ್ಲಿ ಇಂಗ್ಲಿಷಿಗೆ ಬಂದ 'ಮದರ್ 3' ಇನ್ನೊಂದು ತೊಡಕನ್ನು ತೋರಿಸುತ್ತದೆ. ಅಲ್ಲಿ ಪಾತ್ರಗಳಿಗೆ ಆಡುವವನೇ ಹೆಸರಿಡಬಹುದು. ಅನುವಾದಕನು ಅಳೆದು ಬರೆದ ಸಾಲು, ಆಡುವವನು ಅಗಲವಾದ ಅಕ್ಷರಗಳ ಹೆಸರಿಟ್ಟೊಡನೆ ಚೌಕಟ್ಟನ್ನು ಮೀರಬಹುದು. ಒಬ್ಬ ಪರೀಕ್ಷಕನಾದರೂ ಅತಿ ಉದ್ದದ ಹೆಸರುಗಳಿಂದಲೇ ಆಟವನ್ನು ಕೊನೆಯವರೆಗೆ ಆಡಬೇಕು. ಬೇಸರದ ಕೆಲಸ; ಆದುದರಿಂದಲೇ ಯಾರೂ ತಾವಾಗಿ ವಹಿಸಿಕೊಳ್ಳರು.

ಕೊನೆಯದಾಗಿ ನಿಜವಾದ ಯಂತ್ರದ ವಿಷಯ. 1990ರ ದಶಕದ ಎಮ್ಯುಲೇಟರುಗಳು ಮೂಲ ಯಂತ್ರಕ್ಕಿಂತ ಸಡಿಲವಾಗಿದ್ದವು. ಪರದೆಯ ಮೇಲೆ ಚಿತ್ರ ಮೂಡುತ್ತಿರುವ ಹೊತ್ತಿನಲ್ಲಿ ಚಿತ್ರಗಳ ಸ್ಮೃತಿಗೆ ಬರೆಯಲು ಸೂಪರ್ ಫ್ಯಾಮಿಕಾಂ ಅವಕಾಶ ಕೊಡದು. ಆ ಎಮ್ಯುಲೇಟರುಗಳು ಕೊಡುತ್ತಿದ್ದವು. ಅಲ್ಲಿ ಸೊಗಸಾಗಿ ಓಡಿದ ಕೆಲವು ಅನುವಾದಗಳು ನಿಜವಾದ ಯಂತ್ರದಲ್ಲಿ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿದುದು ಈ ಕಾರಣದಿಂದಲೇ. ಹಳೆಯ ಯಂತ್ರವನ್ನು ಉಳಿಸಿಕೊಂಡಿರುವ ಒಬ್ಬನನ್ನು ಬಿಡುಗಡೆಯ ದಿನವನ್ನು ಸಾರುವ ಮೊದಲೇ ಹುಡುಕಿಕೊಳ್ಳಬೇಕು; ಸಾರಿದ ಮೇಲೆ ಅವನು ಹೇಳುವುದನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.