ಕಾರ್ಡಿಗೆ ಲಕ್ಷ, ಕಣ್ಣಿಗೆ ಭಿಕ್ಷೆ

ಯಾವ ಗ್ರಾಫಿಕ್ಸ್ ಕಾರ್ಡಿಗೆ ಯಾವ ಮಾನಿಟರ್ ಎಂಬ ಪಟ್ಟಿಯನ್ನು ಈ ವಾರ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಮಾತಿಗೆ ತಪ್ಪಬಾರದು, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಆರ್‌ಟಿಎಕ್ಸ್ 5060 ಅಥವಾ ಅದರ ಸರೀಕ ಕಾರ್ಡು ಇದ್ದವರಿಗೆ 24 ಅಂಗುಲದ 1080ಪಿ, 144 ಹರ್ಟ್ಸ್ ಮೇಲ್ಪಟ್ಟದ್ದು. 5070, 5070 ಟಿಐ, ರೇಡಿಯಾನ್ 9070 ಎಕ್ಸ್‌ಟಿ ಇದ್ದವರಿಗೆ 27 ಅಂಗುಲದ 1440ಪಿ, 165ರಿಂದ 240 ಹರ್ಟ್ಸ್. 5090 ಕೊಂಡ ಪುಣ್ಯವಂತರಿಗೆ 32 ಅಂಗುಲದ 4ಕೆ ಒಎಲ್‌ಇಡಿ, 240 ಹರ್ಟ್ಸ್. ಪಟ್ಟಿ ಇಷ್ಟೇ. ಬೇಕಾದವರು ಕತ್ತರಿಸಿಟ್ಟುಕೊಂಡು ಪುಟ ತಿರುವಬಹುದು. ಉಳಿದವರ ಜತೆ ಬೇರೆ ಮಾತಿದೆ.

ಮಾತು 4ಕೆ ಮಠದವರದ್ದು. ಈ ಅಂಕಣದ ಹಳಬರಿಗೆ ಅವರ ಜತೆಗಿನ ನನ್ನ ವ್ಯಾಜ್ಯ ಗೊತ್ತೇ ಇದೆ. ದೊಡ್ಡ ಕಾರ್ಡು ಮನೆಗೆ ಬಂದ ಮೇಲೆ 4ಕೆ ಅಲ್ಲದೆ ಇನ್ನೇನು, ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರುತ್ತದೆಂಬ ಲೆಕ್ಕ, 60 ಇದ್ದರೂ ನಡೆದೀತು ಎಂಬುದು ಅವರ ಮೂಲಮಂತ್ರ. ಎರಡು ಲಕ್ಷ ದಾಟಿದ ಕಾರ್ಡು ಕೊಂಡು, ಮನೆಯಲ್ಲಿ ಮೊದಲೇ ಇದ್ದ 60 ಹರ್ಟ್ಸ್‌ನ 4ಕೆ ಪರದೆಗೆ ಸಿಕ್ಕಿಸಿ, ನೆರಳು ಬೆಳಕು ನೋಡಿ ಆಹಾ ಎನ್ನುವವರು ಇವರು. ಯಾಕೆ ಸ್ವಾಮಿ ಎಂದರೆ, ಟಾಕಿ ಬಂದಾಗಿನಿಂದ ಸಿನಿಮಾ 24 ಫ್ರೇಮಿನಲ್ಲೇ ಓಡುತ್ತಿಲ್ಲವೇ, ಕಣ್ಣಿಗೆ ಅದಕ್ಕಿಂತ ಹೆಚ್ಚು ಯಾಕೆ ಎಂಬ ಮರುಪ್ರಶ್ನೆ.

ಸಿನಿಮಾದ ಮಾತು ಇಲ್ಲಿಗೆ ಒಗ್ಗುವುದಿಲ್ಲ. ಸಿನಿಮಾ ಕ್ಯಾಮೆರಾದ ಷಟರ್ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಓಡುವ ಕುದುರೆಯ ಕಾಲು ಫ್ರೇಮಿನಲ್ಲಿ ಮಸುಕಾಗಿಯೇ ಅಚ್ಚಾಗುತ್ತದೆ. ಆ ಮಸುಕೇ ಒಂದು ಫ್ರೇಮನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಸಾಲದ್ದಕ್ಕೆ ಹಳೆಯ ಪ್ರೊಜೆಕ್ಟರುಗಳು ಒಂದೊಂದು ಫ್ರೇಮನ್ನೂ ಎರಡು ಅಥವಾ ಮೂರು ಸಲ ಮಿನುಗಿಸುತ್ತಿದ್ದವು, ಇಲ್ಲವಾದರೆ ಪರದೆ ಕಣ್ಣಿಗೆ ಚುಚ್ಚುತ್ತಿತ್ತು. ಇದೆಲ್ಲಕ್ಕಿಂತ ದೊಡ್ಡ ಮಾತು, ಥಿಯೇಟರಿನಲ್ಲಿ ಕೂತವನ ಕೈಗೆ ಕೆಲಸವಿಲ್ಲ. ಗೇಮ್ ಆಡುವವನು ಮೌಸ್ ತಿರುಗಿಸುತ್ತಾನೆ, ತಿರುಗಿಸಿದ್ದಕ್ಕೆ ಪರದೆಯಿಂದ ಉತ್ತರ ಬರಬೇಕು. ತಡವಾದರೆ ಕೈಗೆ ಗೊತ್ತಾಗಿಬಿಡುತ್ತದೆ, ಕಣ್ಣಿಗಿಂತ ಮೊದಲು.

ಈಗ ಅವರ ಗರ್ಭಗುಡಿಗೇ ಹೋಗೋಣ, ಸ್ಪಷ್ಟತೆಯ ಲೆಕ್ಕಕ್ಕೆ. ಪರದೆಯ ಮೇಲೆ ಒಂದು ಕಾರು ಎಡದಿಂದ ಬಲಕ್ಕೆ ಎರಡು ಸೆಕೆಂಡಿನಲ್ಲಿ ದಾಟುತ್ತದೆ ಎನ್ನಿ. ರೇಸಿಂಗ್ ಆಡುವವರಿಗೆ ಇದು ಆಮೆಯ ನಡಿಗೆ. 1080ಪಿ ಪರದೆಯಲ್ಲಿ ಇದು ಸೆಕೆಂಡಿಗೆ 960 ಪಿಕ್ಸೆಲ್ ವೇಗ. ಕಣ್ಣು ಕಾರಿನ ಹಿಂದೆ ತಡೆಯಿಲ್ಲದೆ ಹರಿಯುತ್ತದೆ. ಪರದೆ ಹಾಗಲ್ಲ. 60 ಹರ್ಟ್ಸ್‌ನ ಪರದೆ ಕಾರನ್ನು ಒಂದು ಜಾಗದಲ್ಲಿ 16.7 ಮಿಲಿಸೆಕೆಂಡ್ ಹಿಡಿದಿಟ್ಟು, ಆಮೇಲೆ ಮುಂದಿನ ಜಾಗಕ್ಕೆ ಎತ್ತಿಡುತ್ತದೆ. ಅಷ್ಟು ಹೊತ್ತಿನಲ್ಲಿ ಕಣ್ಣು 16 ಪಿಕ್ಸೆಲ್ ಮುಂದೆ ಹೋಗಿರುತ್ತದೆ, ಚಿತ್ರ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಆ 16 ಪಿಕ್ಸೆಲ್ ಅಗಲಕ್ಕೆ ಕಾರು ಕಣ್ಣಿನೊಳಗೆ ಬಳಿದುಹೋಗುತ್ತದೆ. ಪರದೆ 120 ಹರ್ಟ್ಸ್ ಆದರೆ 8 ಪಿಕ್ಸೆಲ್. 240 ಆದರೆ 4.

ಅದೇ ಕಾರು 4ಕೆ ಪರದೆಯಲ್ಲಿ ಅದೇ ಎರಡು ಸೆಕೆಂಡಿನಲ್ಲಿ ದಾಟಬೇಕಾದರೆ ವೇಗ ಸೆಕೆಂಡಿಗೆ 1920 ಪಿಕ್ಸೆಲ್ ಆಗಬೇಕು. 60 ಹರ್ಟ್ಸ್‌ನಲ್ಲಿ ಬಳಿದುಹೋಗುವುದು 32 ಪಿಕ್ಸೆಲ್. 1440ಪಿಯ ಸುಮಾರು 37 ಲಕ್ಷ ಪಿಕ್ಸೆಲ್ ಬಿಟ್ಟು ಸುಮಾರು 83 ಲಕ್ಷ ಪಿಕ್ಸೆಲ್‌ಗೆ ಹೋದಿರಿ, ಕಾರ್ಡಿನ ಬೆವರಿಳಿಸಿದಿರಿ, ಕಾರು ಹೊರಟ ಕ್ಷಣಕ್ಕೆ ಅದರ ನಂಬರ್ ಪ್ಲೇಟ್ ಓದಲಾಗುತ್ತಿಲ್ಲ. ನಿಂತ ಚಿತ್ರದಲ್ಲಿ 4ಕೆ ಗೆಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ನಿಂತು ನೋಡುವುದಕ್ಕಾದರೆ ಕ್ಯಾಲೆಂಡರ್ ಸಾಕಲ್ಲ.

ಅಂಗಡಿಯವರು ಇಲ್ಲಿ ಇನ್ನೊಂದು ಗೊಂದಲ ಎಬ್ಬಿಸಿದ್ದಾರೆ. ಡಬ್ಬದ ಮೇಲೆ ‘1 ಎಂಎಸ್’ ಎಂದು ಬರೆದಿದೆಯಲ್ಲ ಸಾರ್, ಮಸುಕು ಎಲ್ಲಿಂದ ಬರುತ್ತದೆ ಎನ್ನುತ್ತಾರೆ. ಆ ಒಂದು ಮಿಲಿಸೆಕೆಂಡ್, ಒಂದು ಪಿಕ್ಸೆಲ್ ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗಲು ಬೇಕಾದ ಹೊತ್ತು. ಅದೂ ಓವರ್‌ಡ್ರೈವ್ ಅನ್ನು, ಅಂದರೆ ಪಿಕ್ಸೆಲ್ ಬೇಗ ಬದಲಾಗುವಂತೆ ದೂಡುವ ಸೌಲಭ್ಯವನ್ನು, ತುತ್ತತುದಿಗೆ ಏರಿಸಿ, ಅನುಕೂಲದ ಬೂದುಗಳನ್ನು ಆರಿಸಿಕೊಂಡು ಅಳೆದದ್ದು. ಮನೆಯಲ್ಲಿ ಅದೇ ಸೆಟ್ಟಿಂಗ್ ಹಾಕಿದರೆ ಓಡುವ ವಸ್ತುವಿನ ಹಿಂದೆ ಬಿಳಿಚಿದ ಭೂತವೊಂದು ಅಂಟಿಕೊಂಡು ಬರುತ್ತದೆ. ಎಲ್‌ಸಿಡಿಯಲ್ಲೇ ವಿಎ ಬಗೆಯ ಪ್ಯಾನೆಲ್ ಆದರಂತೂ ಕಪ್ಪಿನಿಂದ ಕಡುಬೂದಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಕತ್ತಲ ಗುಹೆಯಲ್ಲಿ ಪಂಜು ಹಿಡಿದು ತಿರುಗಿದರೆ ಗೋಡೆಗಳು ಮಸಿ ಸವರಿದಂತೆ ಕಾಣುತ್ತವೆ. ಒಎಲ್‌ಇಡಿಗೆ ಈ ರೋಗವಿಲ್ಲ, ಅದರ ಪಿಕ್ಸೆಲ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಬದಲಾಗುತ್ತದೆ, ಡಬ್ಬದ ಮೇಲೆ 0.03 ಎಂದು ಬರೆದುಕೊಳ್ಳುತ್ತಾರೆ. ಆದರೂ ಮುಂದಿನ ಫ್ರೇಮ್ ಬರುವ ತನಕ ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ಚಾಳಿ ಅದಕ್ಕೂ ಇದೆ. 60 ಫ್ರೇಮಿನಲ್ಲಿ ಓಡಿಸಿದರೆ ಒಎಲ್‌ಇಡಿಯಲ್ಲೂ ಅದೇ ಬಳಿತ. ಇದಕ್ಕೆ ಒಳ್ಳೆಯ ಮದ್ದು ಹೆಚ್ಚು ಫ್ರೇಮ್. ಹೆಚ್ಚು ಫ್ರೇಮ್ ಕೊಡುವುದಕ್ಕೇ ಅಲ್ಲವೇ ನೀವು ಆ ಕಾರ್ಡು ಕೊಂಡದ್ದು?

ಚಿತ್ರವನ್ನು ಹಿಡಿದಿಡುವ ಈ ಚಾಳಿ ಇಲ್ಲದ ಪರದೆಯೊಂದಿತ್ತು. ಇನ್ನು ಶುರುವಾಯಿತು ಇವರ ಸಿಆರ್‌ಟಿ ಪುರಾಣ ಎಂದು ಹಳೆಯ ಓದುಗರು ನಗಬಹುದು. ಸದಾಶಿವನಿಗೆ ಅದೇ ಧ್ಯಾನ, ಏನು ಮಾಡಲಿ. ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ತಗುಲಿದ ಚುಕ್ಕಿ ಬೆಳಗಿ, ಒಂದೆರಡು ಮಿಲಿಸೆಕೆಂಡಿನಲ್ಲಿ ಆರಿಹೋಗುತ್ತಿತ್ತು. ಉಳಿದ ಹೊತ್ತೆಲ್ಲ ಕತ್ತಲು. ಹಿಡಿದಿಟ್ಟ ಚಿತ್ರವೇ ಇಲ್ಲದ ಮೇಲೆ ಬಳಿದುಹೋಗುವುದಾದರೂ ಏನು? 1995ರಲ್ಲಿ ‘ಕ್ವೇಕ್’ ಬರೆಯುತ್ತಿದ್ದ ಜಾನ್ ಕಾರ್ಮ್ಯಾಕ್ ಮುಂದೆ ಇದ್ದದ್ದು ಇಂಟರ್‌ಗ್ರಾಫ್ ಕಂಪನಿಯ 28 ಅಂಗುಲದ ಅಗಲ ಪರದೆಯ ಸಿಆರ್‌ಟಿ, 1920×1080. ಲೋಕವೆಲ್ಲ 640×480ರಲ್ಲಿ ಒದ್ದಾಡುತ್ತಿದ್ದ ಕಾಲ ಅದು. ಆ ಪರದೆಯ ಮುಂದೆ ಕಾರ್ಮ್ಯಾಕ್ ಕೂತ ಫೋಟೊವನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಆಮೇಲೆ ಬಂದದ್ದು ಸೋನಿಯ ಜಿಡಿಎಂ-ಎಫ್‌ಡಬ್ಲ್ಯೂ900. 24 ಅಂಗುಲ, 2304×1440, 80 ಹರ್ಟ್ಸ್, ತೂಕ 40 ಕಿಲೋ ಮೀರಿದ್ದು. 2019ರಲ್ಲಿ ಗೇಮ್ ತಂತ್ರಜ್ಞಾನ ಪರೀಕ್ಷಿಸುವ ಡಿಜಿಟಲ್ ಫೌಂಡ್ರಿಯವರು ಅದರಲ್ಲಿ ಆಧುನಿಕ ಗೇಮುಗಳನ್ನು ಆಡಿ, ಬೆರಗಾಗಿ ವರದಿ ಮಾಡಿದರು. ಅದರ ನಂತರ ಬಳಸಿದ ಎಫ್‌ಡಬ್ಲ್ಯೂ900ರ ಬೆಲೆ ನನ್ನಂಥವರ ಕೈಗೆ ಎಟುಕದಂತಾಯಿತು.

ಎಲ್‌ಸಿಡಿ ಗೆದ್ದದ್ದು ಚಿತ್ರದ ಬಲದಿಂದಲ್ಲ, ಹಗುರವಾಗಿದ್ದದ್ದಕ್ಕೆ, ಮೇಜಿನ ಮೇಲೆ ಜಾಗ ಉಳಿಸಿದ್ದಕ್ಕೆ, ಕರೆಂಟು ಕಡಿಮೆ ತಿಂದದ್ದಕ್ಕೆ. ಗೆದ್ದ ಮೇಲೆ ಇಷ್ಟು ವರ್ಷವಾದರೂ ಸೋತವನ ವಿದ್ಯೆ ಕಲಿಯಲು ತಿಣುಕುತ್ತಲೇ ಇದೆ. ಬ್ಯಾಕ್‌ಲೈಟ್ ಅನ್ನು ಮಿನುಗಿಸಿ ಸಿಆರ್‌ಟಿಯಂತೆ ನಟಿಸುವ ಸೌಲಭ್ಯ ಅನೇಕ ಮಾನಿಟರುಗಳಲ್ಲಿದೆ. ಆದರೆ ಬೆಳಕು ಕುಗ್ಗುತ್ತದೆ, ಹೆಚ್ಚಿನವುಗಳಲ್ಲಿ ಕಾರ್ಡಿನ ಫ್ರೇಮಿಗೆ ತಕ್ಕಂತೆ ಪರದೆ ತಾಳ ಹಾಕುವ ಅಡಾಪ್ಟಿವ್ ಸಿಂಕ್ ಅನ್ನು ಆಫ್ ಮಾಡಿಯೇ ಇದನ್ನು ಹಾಕಬೇಕು. ಎರಡರಲ್ಲಿ ಒಂದು ಬಿಡಬೇಕೆಂದರೆ ನಾನು ಮಿನುಗನ್ನೇ ಬಿಡುವವನು.

ಅಡಾಪ್ಟಿವ್ ಸಿಂಕ್ ವಿಚಾರದಲ್ಲಿ ಈಗ ಹೆಚ್ಚು ಹೇಳುವುದೇನಿಲ್ಲ. 2013ರಲ್ಲಿ ಎನ್ವಿಡಿಯಾ ಜಿ-ಸಿಂಕ್ ಘೋಷಿಸಿತು, 2015ರಲ್ಲಿ ಎಎಮ್‌ಡಿಯ ಫ್ರೀಸಿಂಕ್ ಮಾನಿಟರುಗಳು ಬಂದವು, ನಾಲ್ಕು ವರ್ಷ ದಾಯಾದಿ ಕಲಹ ನಡೆಯಿತು. 2019ರ ಜನವರಿಯಲ್ಲಿ ಎನ್ವಿಡಿಯಾ ಫ್ರೀಸಿಂಕ್ ಪರದೆಗಳಿಗೂ ಬಾಗಿಲು ತೆರೆದ ಮೇಲೆ ಕಾರ್ಡು ಯಾವುದಾದರೂ ಮಾನಿಟರ್ ಯಾವುದಾದರೂ ಬಹುಮಟ್ಟಿಗೆ ಸಂಸಾರ ನಡೆಯುತ್ತದೆ. ಒಂದೇ ಎಚ್ಚರ: ಕೆಲವು ಅಗ್ಗದ ಪರದೆಗಳಲ್ಲಿ ಈ ಸಿಂಕ್ 48ರಿಂದ 75 ಹರ್ಟ್ಸ್ ನಡುವೆ ಮಾತ್ರ ಇರುತ್ತದೆ. ಫ್ರೇಮ್ 48ಕ್ಕಿಂತ ಕೆಳಗಿಳಿದರೆ ಮತ್ತೆ ಪರದೆಯ ಚಿತ್ರ ಸೀಳುತ್ತದೆ, ಇಲ್ಲವೇ ಮುಗ್ಗರಿಸುತ್ತದೆ.

ಇನ್ನು ಫ್ರೇಮ್ ಜನರೇಶನ್. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ 5070 ಕಾರ್ಡಿನಲ್ಲಿ 4090ರ ಸಾಮರ್ಥ್ಯ ಸಿಗುತ್ತದೆ ಎಂದುಬಿಟ್ಟರು. ಕಾರ್ಡು ನಿಜವಾಗಿ ಬಿಡಿಸಿದ ಒಂದು ಫ್ರೇಮಿಗೆ ಮೂರು ಕಲ್ಪಿತ ಫ್ರೇಮ್ ಸೇರಿಸಿ ಹೇಳಿದ ಮಾತು ಅದು. ನನ್ನ ಮಠದ ಕೆಲವರೂ, ಅಂದರೆ ಹರ್ಟ್ಸ್ ಮಠದವರೂ, ಇದಕ್ಕೆ ಚಪ್ಪಾಳೆ ತಟ್ಟಿದ್ದು ನನಗೆ ಬೇಸರದ ಸಂಗತಿ. ಕಲ್ಪಿತ ಫ್ರೇಮಿನಿಂದ ಕಣ್ಣಿಗೆ ನುಣುಪು ಬರುತ್ತದೆ, ಬಳಿತ ಕಡಿಮೆಯಾಗುತ್ತದೆ, ನಿಜ. ಕೈಗೆ ಏನೂ ಬರುವುದಿಲ್ಲ. ಮೂಲದಲ್ಲಿ 30 ಫ್ರೇಮ್ ಇದ್ದರೆ ಪರದೆ 120 ತೋರಿಸಿದರೂ ಮೌಸಿಗೆ ಸಿಗುವ ಉತ್ತರ 30ರದ್ದೇ, ಅದಕ್ಕಿಂತ ತುಸು ತಡವಾದದ್ದು. ಮೂಲದಲ್ಲಿ 70–80 ಫ್ರೇಮ್ ಗಟ್ಟಿಯಾಗಿ ಬರುತ್ತಿದ್ದರೆ ಮೇಲೆ ಇದನ್ನು ಹಾಕಿಕೊಳ್ಳಿ, ಚೆಂದವಿರುತ್ತದೆ. 240 ಹರ್ಟ್ಸ್‌ನ ಪರದೆ ತುಂಬುವುದಕ್ಕೆ ಅದು ಒಳ್ಳೆಯ ದಾರಿ. 5090ಕ್ಕೆ 4ಕೆ ಎಂದು ನಾನೇ ಮೇಲೆ ಬರೆದದ್ದು ಈ ಲೆಕ್ಕದಲ್ಲೇ: ಆ ಕಾರ್ಡಿಗೆ ಪಿಕ್ಸೆಲ್ಲೂ ಫ್ರೇಮೂ ಎರಡನ್ನೂ ಹೊರುವ ತಾಕತ್ತಿದೆ. ಅದಕ್ಕಿಂತ ಕೆಳಗಿನವುಗಳಲ್ಲಿ ಒಂದನ್ನು ಆರಿಸಬೇಕಾದರೆ ಫ್ರೇಮನ್ನೇ ಆರಿಸಿ. ಹಾಗೆಂದು 5090 ಅನ್ನು 1080ಪಿ ಪರದೆಗೆ ಕಟ್ಟಿಹಾಕಬೇಡಿ. ಪ್ರೊಸೆಸರ್ ಏದುಸಿರು ಬಿಡುತ್ತಿರುತ್ತದೆ, ಕಾರ್ಡು ಕೈಕಟ್ಟಿ ಕೂತಿರುತ್ತದೆ.

ಕೊಳ್ಳುವ ಮೊದಲು ಕಣ್ಣಾರೆ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮಾನಿಟರುಗಳ ಮೇಲೆ ಓಡಿಸುವುದು ನಿಧಾನವಾಗಿ ಅರಳುವ ಹೂವು, ಬಣ್ಣದ ಮೀನು, ಜೇನು ಸುರಿಯುವ ಚಮಚ. ಆ ವಿಡಿಯೊ ನಿಲ್ಲಿಸಲು ಹೇಳಿ. ಬ್ರೌಸರಿನಲ್ಲಿ ಯಾವುದಾದರೂ ಉದ್ದನೆಯ ಕನ್ನಡ ಲೇಖನ ತೆರೆದು, ಮೌಸಿನ ಮಧ್ಯದ ಗುಂಡಿ ಒತ್ತಿ ಪುಟವನ್ನು ಒಂದೇ ವೇಗದಲ್ಲಿ ಹರಿಯಬಿಡಿ. 60 ಹರ್ಟ್ಸ್‌ನಲ್ಲಿ ಒತ್ತಕ್ಷರಗಳು ಮೊದಲು ಕರಗುತ್ತವೆ, ‘ಸ್ತ್ರ’ ಯಾವುದು ‘ಸ್ತ’ ಯಾವುದು ತಿಳಿಯುವುದಿಲ್ಲ. 144ಕ್ಕೆ ಬಂದರೆ ಓದುತ್ತಾ ಹೋಗಬಹುದು. ಇಂಗ್ಲಿಷ್ ಪುಟಕ್ಕಿಂತ ನಮ್ಮ ಲಿಪಿ ಈ ಪರೀಕ್ಷೆಗೆ ಹೆಚ್ಚು ಕಟ್ಟುನಿಟ್ಟು. ಆಮೇಲೆ ಪುಟವನ್ನು ಡಾರ್ಕ್ ಮೋಡಿಗೆ ಹಾಕಿ ಮತ್ತೊಮ್ಮೆ ಹರಿಸಿ, ವಿಎ ಪ್ಯಾನೆಲಿನ ಬಂಡವಾಳ ಬಯಲಾಗುತ್ತದೆ. ಕೊನೆಗೆ ಪುಟ ನಿಲ್ಲಿಸಿ ಅಕ್ಷರದ ಅಂಚು ನೋಡಿ. ಕೆಲವು ಒಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳ ಜೋಡಣೆ ವಿಂಡೋಸ್ ಅಂದುಕೊಂಡಂತೆ ಸಾಲಾಗಿಲ್ಲ, ಹಾಗಾಗಿ ಅಂಚಿನಲ್ಲಿ ಬಣ್ಣದ ಸೆರಗು ಕಾಣುತ್ತದೆ. ಹಗಲೆಲ್ಲ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ರಾತ್ರಿ ಒಂದು ಗಂಟೆ ಆಡುವವರು ಎಲ್‌ಸಿಡಿಯ ಇನ್ನೊಂದು ಬಗೆಯಾದ ಐಪಿಎಸ್ ಕೊಳ್ಳುವುದೇ ಲೇಸು. ದಿನವಿಡೀ ಒಂದೇ ಟಾಸ್ಕ್‌ಬಾರ್ ಹೊತ್ತ ಒಎಲ್‌ಇಡಿಗೆ ವರ್ಷಗಳು ಕಳೆದಂತೆ ಅದರ ಅಚ್ಚು ಬೀಳುವ ಭಯವೂ ಇದೆ.

ಇಷ್ಟೆಲ್ಲ ಮಾಡಿ 240 ಹರ್ಟ್ಸ್‌ನ ಮಾನಿಟರ್ ತಂದವರಲ್ಲೂ ಎಷ್ಟೋ ಮಂದಿ ಅದನ್ನು 60ರಲ್ಲೇ ಓಡಿಸುತ್ತಿರುತ್ತಾರೆ, ಯಾಕೆಂದರೆ ಹೊಸ ಪರದೆ ಸಿಕ್ಕಿಸಿದಾಗ ವಿಂಡೋಸ್ ಅನೇಕ ಸಲ 60ಕ್ಕೇ ಕೂತುಬಿಡುತ್ತದೆ. ಹಳೆಯ ಎಚ್‌ಡಿಎಂಐ 2.0 ಕೇಬಲ್ ಉಳಿಸಿಕೊಂಡರೂ 4ಕೆ ಪರದೆಗೆ ಅದೇ ಗತಿ. ಪತ್ರಿಕೆ ಮಡಿಸಿಟ್ಟು ಈಗಲೇ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆಯಿರಿ. ರಿಫ್ರೆಶ್ ರೇಟ್ ಮುಂದೆ 60 ಎಂದಿದ್ದರೆ ಪಟ್ಟಿ ಇಳಿಸಿ ದೊಡ್ಡ ಸಂಖ್ಯೆ ಒತ್ತಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಿದೆಯೇ ಎಂದೂ ಒಮ್ಮೆ ಹಿಂದೆ ಬಗ್ಗಿ ನೋಡಿ. ಈ ಎರಡು ಕೆಲಸಕ್ಕೆ ಪೈಸೆ ಖರ್ಚಿಲ್ಲ.