ಯಂತ್ರಹಸ್ತ ಮತ್ತು ಸ್ಪರ್ಶಜ್ಞಾನ

ಅಕ್ಕೋಳದ ಕಡೆಯ ಬೆಲ್ಲದ ಗಾಣದಲ್ಲಿ ಪಾಕದ ಹದವನ್ನು ಕಣ್ಣು ಅರ್ಧ ಹೇಳುತ್ತದೆ. ಉಳಿದರ್ಧವನ್ನು ತಣ್ಣೀರಿಗೆ ಬಿಟ್ಟ ಪಾಕವನ್ನು ಹಿಸುಕಿ ನೋಡುವ ಬೆರಳು ಹೇಳುತ್ತದೆ. ಶಸ್ತ್ರವೈದ್ಯರ ವಿಷಯದಲ್ಲಿಯೂ ಇದು ಸತ್ಯ. ಗಡ್ಡೆ ಗಟ್ಟಿಯೋ ಮೆತ್ತಗೋ, ಅಡಿಯಲ್ಲಿ ರಕ್ತನಾಳ ಮಿಡಿಯುತ್ತಿದೆಯೇ ಎಂಬುದನ್ನು ಬೆರಳೇ ಅರಿಯಬೇಕು.

2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ ರೋಬೋಟ್ ಈ ಅರಿವನ್ನು ತುಂಡರಿಸಿತು. ವೈದ್ಯರು ರೋಗಿಯಿಂದ ದೂರ ಕುಳಿತು, ಒಳಗಿನ ಚಿತ್ರವನ್ನು ನೋಡುತ್ತ ಯಂತ್ರದ ತೋಳುಗಳನ್ನು ನಡೆಸುತ್ತಾರೆ. ಅದು ಕೈನಡುಕವನ್ನು ಸೋಸುತ್ತದೆ, ಗಾಯವೂ ಕಿರಿದು. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಲ್ಯಾಪ್ರೊಸ್ಕೋಪಿಯ ಉದ್ದನೆಯ ಕೋಲಾದರೂ ಒಂದಿಷ್ಟು ಸುದ್ದಿಯನ್ನು ಕೈಗೆ ಮುಟ್ಟಿಸುತ್ತದೆ. ಏಕೇಂದ್ರಿಯ ಜೀವಕ್ಕೂ ಇರುವ ಸ್ಪರ್ಶ ಈ ಯಂತ್ರಕ್ಕೆ ಇರಲಿಲ್ಲ. ಎಳೆತ ಹೆಚ್ಚಾಯಿತೆಂಬುದನ್ನು ಮಾಂಸ ಬಿಳಿಚುವುದರಿಂದ, ಹೊಲಿಗೆಯ ದಾರ ಬಿಗಿಯುವುದರಿಂದ ಊಹಿಸಬೇಕು. ಅನುಭವಿಗಳ ಕಣ್ಣು ಇದನ್ನು ಕಲಿಯುತ್ತದೆ, ನಿಜ. ಕಲಿಯುವ ಅವಧಿಯಲ್ಲಿ ಮೇಜಿನ ಮೇಲೆ ಮಲಗಿದವರ ಗತಿಯೇನು?

2024ರ ಮಾರ್ಚ್‌ನಲ್ಲಿ ಅಲ್ಲಿಯೇ ಅನುಮತಿ ಪಡೆದ ‘ಡಾ ವಿಂಚಿ 5’ರಲ್ಲಿ ತಳ್ಳುವ, ಎಳೆಯುವ ಬಲದ ಅರಿವು ವೈದ್ಯರ ಕೈಗೆ ಮರಳುತ್ತದೆ, ಅದೂ ಅದಕ್ಕೆಂದೇ ಮಾಡಿದ ಉಪಕರಣಗಳನ್ನು ಜೋಡಿಸಿದಾಗ ಮಾತ್ರ. ಇದನ್ನು ಸ್ಪರ್ಶವೆಂದು ಕರೆಯುವುದು ಅತ್ಯುಕ್ತಿ. ಬೆರಳ ತುದಿಗೆ ತಿಳಿಯುವ ನಯ, ಒರಟು, ಮಿಡಿತಗಳು ಇನ್ನೂ ಹೊರಗೇ ಉಳಿದಿವೆ. 24 ವರ್ಷ ಇಲ್ಲದಿದ್ದುದನ್ನು ಕೊರತೆ ಎನ್ನದೆ, ಬಂದಾಗ ಮಾತ್ರ ಸೌಲಭ್ಯವೆನ್ನುವ ಮಾತಿನ ಚಾತುರ್ಯ ನಮಗೆ ಒಪ್ಪಿಗೆಯಿಲ್ಲ.

ಇಂಥ ಯಂತ್ರಕ್ಕೆಂದು ದಾನ ಕೇಳಿ ಬಂದವರನ್ನು ಟ್ರಸ್ಟಿನವರು ಬೆಲೆಯನ್ನಷ್ಟೇ ವಿಚಾರಿಸಿ ಕಳುಹಿಸಬಾರದು. ಬಲದ ಅರಿವು ಅದರಲ್ಲಿದೆಯೇ, ವೈದ್ಯರು ಅದರಲ್ಲಿ ಎಷ್ಟು ಶಸ್ತ್ರಕ್ರಿಯೆ ಮಾಡಿದ್ದಾರೆ, ಸಹಿ ಪಡೆಯುವ ಮುನ್ನ ಇದನ್ನೆಲ್ಲ ರೋಗಿಗೆ ಕನ್ನಡದಲ್ಲೋ ಮರಾಠಿಯಲ್ಲೋ ತಿಳಿಸಿ ಹೇಳುತ್ತಾರೆಯೇ ಎಂದು ಕೇಳಬೇಕು.